ಹಾಕಿ ತಂಡಕ್ಕೊಬ್ಬ ನೀರುಗಂಟಿ

ಕೆಲಸ ಸಿಗದೆ ಅಲೆದವನ ಕಷ್ಟಕ್ಕೆ ಮರುಗುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಸಿಕ್ಕಿದ ಕೆಲಸವನ್ನು ಕಳಚಿಕೊಳ್ಳಲಾರದೆ ಒದ್ದಾಡಿದವನ ಕಷ್ಟವನ್ನು ಕೇಳುವವರು ಯಾರೂ ಇಲ್ಲ. ಅದಕ್ಕೇ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ನಾನು ಎರಡು ವರ್ಷ ಒಂದು ಹಾಕಿ ತಂಡದ ಕೋಚಾಗಿದ್ದೆ. ಹೀಗೆಂದರೆ ನನ್ನನ್ನು ಬಲ್ಲವರು ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ, ಕೊನೆಗೆ ನಕ್ಕುಬಿಡುತ್ತಾರೆ. ಅವರ ತಪ್ಪೇನೂ ಇಲ್ಲ. ಚಿಕ್ಕಂದಿನಲ್ಲಿ ನಾನು ಆಡಿದ ಅತ್ಯಂತ ಬಿರುಸಿನ ಆಟವೆಂದರೆ ಚೌಕಾಬಾರ. ಅದರಲ್ಲೂ ಅಕ್ಕನ ಕೈಲಿ ಸೋಲುತ್ತಿದ್ದೆ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಮಂಡ್ಯದಲ್ಲಿ ಸಾಹುಕಾರ ನಂಜಪ್ಪನವರ ಅಕ್ಕಿ ಗಿರಣಿಯಲ್ಲಿ ನಾನು ಕಾಗದಪತ್ರ ಬರೆಯುವ ಗುಮಾಸ್ತ. ನಾಲೆಯ ನೀರು ಬಂದ ಮೇಲೆ ಸುತ್ತಲ ಊರುಗಳಲ್ಲೆಲ್ಲ ಭತ್ತವೋ ಭತ್ತ. ಗಿರಣಿಗೆ ಹಗಲೆಲ್ಲ ಬಿಡುವಿರಲಿಲ್ಲ. ನಂಜಪ್ಪನವರು ಒಳ್ಳೆಯವರು. ಅವರಿಗಿದ್ದ ಸಂಕಟ ಒಂದೇ, ಅದು ಮದ್ದೂರಿನಲ್ಲಿದ್ದ ಅವರ ಷಡ್ಡಕ. ಇಬ್ಬರೂ ಮಳವಳ್ಳಿಯ ಒಂದೇ ಮನೆಯ ಅಳಿಯಂದಿರು. ಇಬ್ಬರಿಗೂ ಅಕ್ಕಿ ಗಿರಣಿ, ಇಬ್ಬರಿಗೂ ಗಿರಿಜಾ ಮೀಸೆ. ಮದ್ದೂರಿನವರು ಯಾರದೋ ಮಾತು ಕೇಳಿ ಗಿರಣಿಯ ಹೆಸರಿನಲ್ಲಿ ಒಂದು ಹಾಕಿ ತಂಡ ಕಟ್ಟಿದರು. ಮರು ತಿಂಗಳೇ ನಂಜಪ್ಪನವರೂ ಕಟ್ಟಿದರು. ಆಟಗಾರರು ಹೆಸರಿಗೆ ಮೂಟೆ ಹೊಲಿಯುವವರು, ತಕ್ಕಡಿ ಹಿಡಿಯುವವರು. ಸಂಬಳ ಮಾತ್ರ ಹಾಕಿ ಆಡುವುದಕ್ಕೆ. ವರ್ಷಕ್ಕೆರಡು ಸಲ ಎರಡು ಗಿರಣಿಗಳಿಗೂ ಪಂದ್ಯ. ಗೆದ್ದ ಅಳಿಯನಿಗೆ ಮುಂದಿನ ಹಬ್ಬದಲ್ಲಿ ಮಳವಳ್ಳಿಯ ಮಾವನ ಮನೆಯಲ್ಲಿ ಮೊದಲ ಎಲೆ. ಸೋತ ಅಳಿಯನಿಗೆ ಅವನ ಪಕ್ಕದ ಎಲೆ, ಜೊತೆಗೆ ಊಟ ಮುಗಿಯುವವರೆಗೆ ಪಂದ್ಯದ ವರ್ಣನೆ. ನಂಜಪ್ಪನವರು ನಾಲ್ಕು ಹಬ್ಬ ಸತತವಾಗಿ ವರ್ಣನೆ ಕೇಳಿದ್ದರು.

ಮೊದಲು ಬೆಂಗಳೂರಿನಿಂದ ಒಬ್ಬ ನಿಜವಾದ ಕೋಚನ್ನೇ ಕರೆಸಿದ್ದರು. ನಮ್ಮ ಮಂಡ್ಯದ ಸೊಳ್ಳೆಗಳು ಆತನಿಗೆ ಮೂರೇ ವಾರದಲ್ಲಿ ಚಳಿಜ್ವರ ಹಿಡಿಸಿ ರೈಲು ಹತ್ತಿಸಿದವು. ಹೋಗುವಾಗ ಆತ ಹಾಕಿ ನಿಯಮಗಳ ಇಂಗ್ಲಿಷ್ ಪುಸ್ತಕವೊಂದನ್ನು ಬಿಟ್ಟುಹೋದ. ಗಿರಣಿಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಪುಸ್ತಕ ಓದಿ ಅರ್ಥ ಹೇಳಿ ಎಂದರು, ಹೇಳಿದೆ. ಮೈದಾನಕ್ಕೆ ಬಂದು ಹೇಳಿ ಎಂದರು, ಹೋದೆ. ಕೊರಳಿಗೆ ಒಂದು ಸೀಟಿ ಹಾಕಿದರು. ಹೀಗೆ ನಾನು ಕೋಚಾದೆ. ಸಂಜೆ ಐದಕ್ಕೆ ಪಂಚೆ ಎತ್ತಿ ಕಟ್ಟಿ, ಕೋಟಿನ ಮೇಲೆ ಸೀಟಿ ತೂಗಿಸಿಕೊಂಡು ನಾನು ಹೊರಟರೆ ಪೇಟೆಯಲ್ಲಿ ಅಂಗಡಿಯವರು ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದರು.

ನನ್ನ ತರಬೇತಿಯ ಕ್ರಮ ಸರಳವಾಗಿತ್ತು. ಮೈದಾನದ ಅಂಚಿನಲ್ಲಿ ನಿಂತು ಪುಸ್ತಕದಲ್ಲಿದ್ದುದನ್ನು ಕೂಗಿ ಹೇಳುವುದು. ಹುಡುಗರು ಆಗಲಿ ಸ್ವಾಮಿ ಎನ್ನುತ್ತಿದ್ದರು, ಆಮೇಲೆ ಹನ್ನೊಂದು ಜನವೂ ಚೆಂಡು ಇದ್ದ ಕಡೆ ಓಡುತ್ತಿದ್ದರು. ದುದ್ದದ ಬೋರೇಗೌಡ ಗೋಲ್‌ಕೀಪರ್. ಒಂದು ಮೂಟೆ ಭತ್ತವನ್ನು ಹೆಗಲ ಮೇಲೆ ಇಟ್ಟುಕೊಂಡೇ ಮಾತಾಡುತ್ತಾ ನಿಲ್ಲಬಲ್ಲ ಆಳು. ಅವನೂ ಗೋಲು ಬಿಟ್ಟು ಚೆಂಡಿನ ಹಿಂದೆ ಬರುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ ಅಲ್ಲಿ ಒಬ್ಬನಿಗೇ ಬೇಜಾರು ಎನ್ನುತ್ತಿದ್ದ. ಆಡಲು ನಿಜವಾಗಿ ಬರುತ್ತಿದ್ದವನು ರಹೀಮ ಒಬ್ಬನೇ. ಅವನ ತಂದೆ ಪೇಟೆಯಲ್ಲಿ ಸೈಕಲ್ಲು, ಪಂಪು, ಕಾಲುವೆಯ ತೂಬಿನ ಗೇಟು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ. ರಹೀಮನ ಕೋಲಿಗೆ ಚೆಂಡು ಸಿಕ್ಕರೆ ಎದುರಾಳಿಗಳಿಗಿಂತ ಮೊದಲು ನಮ್ಮವರೇ ಬಂದು ಅದನ್ನು ಕಿತ್ತುಕೊಳ್ಳುತ್ತಿದ್ದರು.

ನಾಲ್ಕನೆಯ ಸೋಲಿನ ಹಬ್ಬ ಮುಗಿಸಿಕೊಂಡು ಮಳವಳ್ಳಿಯಿಂದ ಬಂದ ದಿನ ನಂಜಪ್ಪನವರು ನನ್ನನ್ನು ಕರೆದು ಕೂರಿಸಿಕೊಂಡರು. ಇನ್ನೊಂದು ಸಲ ಸೋತರೆ ತಂಡ ಬರಖಾಸ್ತು, ಹನ್ನೊಂದು ಜನಕ್ಕೂ ಕೆಲಸದಿಂದ ತೆಗೆದ ಕಾಗದ ಈಗಲೇ ಬರೆದಿಡಿ, ಅಷ್ಟರೊಳಗೆ ನಿಮಗಿಂತ ಒಳ್ಳೆಯ ಕೋಚೊಬ್ಬನನ್ನು ಹುಡುಕಿ ಎಂದರು. ನನಗಿಂತ ಒಳ್ಳೆಯವನನ್ನು ಹುಡುಕುವುದು ಕಷ್ಟವಲ್ಲ, ರಸ್ತೆಗೆ ಇಳಿದರೆ ಸಾಕು ಎಂದುಕೊಂಡೆ. ಆದರೆ ಕಾಗದ ಬರೆಯಲು ಕೂತಾಗ ಒಬ್ಬೊಬ್ಬರ ಮನೆಯೂ ನೆನಪಾಯಿತು. ರಹೀಮನ ಮದುವೆ ಗೊತ್ತಾಗಿತ್ತು. ಬೋರೇಗೌಡನ ಮನೆಯಲ್ಲಿ ಅವನ ಸಂಬಳ ನೋಡಿಕೊಂಡು ತಂಗಿಗೆ ಗಂಡು ನೋಡುತ್ತಿದ್ದರು. ಹನ್ನೊಂದು ಕಾಗದಕ್ಕೂ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಈ ಹುಡುಗರ ಅನ್ನಕ್ಕೆ ಕಲ್ಲು ಹಾಕುವವನು ಸಾಹುಕಾರನಲ್ಲ, ಚೌಕಾಬಾರವನ್ನೂ ಆಡಲು ಬಾರದ ನಾನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬರೆದು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ಹುಡುಕಾಟ ಶುರುವಾಯಿತು. ಮೊದಲು ಬಂದವರು ಪಟಾಲಮ್ಮಿನಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಒಂದು ವಾರ ಹುಡುಗರಿಗೆ ಕೋಲನ್ನು ಬಂದೂಕಿನಂತೆ ಹೆಗಲಿಗೆ ಏರಿಸುವುದನ್ನೂ ಇಳಿಸುವುದನ್ನೂ ಕಲಿಸಿದರು; ಚೆಂಡನ್ನು ಎರಡನೆಯ ತಿಂಗಳು ಕೊಡುತ್ತೇನೆ ಎಂದರು. ಪಂದ್ಯಕ್ಕೆ ಉಳಿದಿದ್ದುದು ಮೂರೇ ವಾರ. ಎರಡನೆಯವರು ಮೈಸೂರಿನಲ್ಲಿ ಓದಿದ ಪದವೀಧರರು. ಕಪ್ಪು ಹಲಗೆ ತರಿಸಿ ಬಾಣಗಳನ್ನು ಬರೆದರು. ಬೋರೇಗೌಡ ಮೊದಲ ಬಾಣಕ್ಕೇ ನಿದ್ದೆ ಹೋದ. ಅವರು ಮರುದಿನ ಬರಲಿಲ್ಲ, ಹಲಗೆಯನ್ನು ನಾನೇ ಹೊತ್ತು ಗಿರಣಿಗೆ ತಂದೆ. ಮೂರನೆಯವರು ಬಂದು ನಮ್ಮ ಅಭ್ಯಾಸವನ್ನು ಹತ್ತು ನಿಮಿಷ ನೋಡಿ, ಕಾಫಿ ಕುಡಿದು ಹೋದರು. ಆವತ್ತು ಸಂಜೆ ಮನೆಗೆ ಬಂದು ಜಗಲಿಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನಾಕೆ ಯಾರಾದರೂ ತೀರಿಹೋದರೇ ಎಂದು ಕೇಳಿದಳು.

ನಮ್ಮ ಮೈದಾನ ಊರ ಹೊರಗೆ, ಗುತ್ತಲಿನ ಕಡೆ ಹೋಗುವ ಕಾಲುವೆಯ ಮಗ್ಗುಲಲ್ಲಿತ್ತು. ಮರುದಿನ ಅಭ್ಯಾಸದಲ್ಲಿ ಚೆಂಡು ಯಾರದೆಂದು ನಮ್ಮವರಲ್ಲೇ ಜಗಳ ಹತ್ತಿಕೊಂಡಿತು. ಮಾತಿಗೆ ಮಾತು ಬೆಳೆದು ಕೋಲುಗಳು ಮೇಲೆದ್ದವು. ನಾನು ಸೀಟಿ ಊದಿದೆ. ಮತ್ತೆ ಊದಿದೆ. ನನ್ನ ಸೀಟಿಗೆ ದೂರದಲ್ಲಿ ಒಂದು ನಾಯಿ ಮಾತ್ರ ಓಗೊಟ್ಟಿತು. ಅಷ್ಟರಲ್ಲಿ ಕಾಲುವೆಯ ಏರಿಯ ಮೇಲಿಂದ ಗುದ್ದಲಿ ಹೆಗಲಿಗೇರಿಸಿದ್ದ ಒಬ್ಬ ಮುದುಕ ಇಳಿದು ಬಂದು, ನೇರವಾಗಿ ಗುಂಪಿನ ನಡುವೆ ಹೋಗಿ ನಿಂತ. ಗುದ್ದಲಿಯನ್ನು ನೆಲಕ್ಕೆ ಊರಿದ, ಅಷ್ಟೆ. ಹನ್ನೊಂದು ಕೋಲುಗಳೂ ಕೆಳಗಿಳಿದವು.

ಅವನು ನೀರುಗಂಟಿ ಕಾಳಯ್ಯ, ನಾಲೆ ಬರುವುದಕ್ಕೆ ಮುಂಚೆ ಕೆರೆಯ ನೀರು ಬಿಡುತ್ತಿದ್ದವನು. ಕಾಲುವೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಕಟ್ಟಬೇಕು ಎಂದು ನೋಡಿಕೊಳ್ಳುವ ಮನುಷ್ಯ. ಮಂಡ್ಯದ ಸೀಮೆಯಲ್ಲಿ ಅಮಲ್ದಾರರಿಗೆ ಎದುರಾಡಿದವರಿದ್ದಾರೆ, ನೀರುಗಂಟಿಗೆ ಎದುರಾಡಿದವರಿಲ್ಲ. ಅಮಲ್ದಾರರು ಮುನಿದರೆ ಒಂದು ನೋಟೀಸು, ನೀರುಗಂಟಿ ಮುನಿದರೆ ಒಂದು ಬೆಳೆ. ಹುಡುಗರೆಲ್ಲ ಅವನನ್ನು ನೋಡಿ ಹೆದರುತ್ತಲೇ ಬೆಳೆದವರು. ಗದ್ದೆಯಿಲ್ಲದ ರಹೀಮನಿಗೂ ಅವನ ತಂದೆ ತೂಬಿನ ಗೇಟು ರಿಪೇರಿ ಮಾಡುವಾಗ ಕಾಳಯ್ಯ ಪಕ್ಕದಲ್ಲಿ ಕೂತು ತಪ್ಪು ಹಿಡಿಯುತ್ತಿದ್ದುದು ನೆನಪಿತ್ತು. ಕಾಳಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿ, ಇವನು ಯಾರ ಮಗ, ಇವನು ಯಾರ ಮೊಮ್ಮಗ ಎಂದು ಗುರುತು ಹಿಡಿದು ಆಮೇಲೆ ಬಾಯಿ ಬಿಟ್ಟ.

"ಎಲ್ಲಾ ಒಂದೇ ಮಡೀಲಿ ಬಿದ್ದು ಒದ್ದಾಡ್ತಿದ್ರೆ ಮಿಕ್ಕಿದ್ ಮಡಿ ಒಣಗಾಕಿಲ್ವೇನ್ರಲಾ? ಅವರವರ ಮಡೀಲಿ ನಿಂತ್ಕಳ್ಳಿ. ಚೆಂಡು ನಿಮ್ ತಾವ್ಕೇ ಬತ್ತದೆ. ಬಂದಾಗ ಇಡ್ಕಂಡು ಕೂರ್ಬ್ಯಾಡಿ, ಮುಂದ್ಕೆ ಬುಡಿ."

ಎರಡು ವರ್ಷ ನಾನು ಪುಸ್ತಕ ಹಿಡಿದು ಕೂಗಿದ್ದೂ ಇದನ್ನೇ. ನಾನು ಕೂಗಿದಾಗ ಅದು ಇಂಗ್ಲಿಷಿನಿಂದ ಬಂದ ವಿದ್ಯೆಯಾಗಿತ್ತು, ಯಾರಿಗೂ ಅಂಟಲಿಲ್ಲ. ಕಾಳಯ್ಯ ಗುದ್ದಲಿಯಿಂದಲೇ ನೆಲದ ಮೇಲೆ ಗೆರೆ ಎಳೆದು ಮೈದಾನವನ್ನು ಗದ್ದೆಯ ಹಾಗೆ ಮಡಿಗಳಾಗಿ ಹಂಚಿದ. ಹುಡುಗರು ಹೋಗಿ ನಿಂತರು. ಚೆಂಡು ಬೋರೇಗೌಡನಿಂದ ಹೊರಟು ಒಬ್ಬರಿಂದೊಬ್ಬರಿಗೆ ಸಾಗಿ ರಹೀಮನ ಬಳಿಗೆ ಬಂತು. ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. ರಹೀಮ ಆಶ್ಚರ್ಯದಿಂದ ಒಂದು ಕ್ಷಣ ಸುತ್ತಲೂ ನೋಡಿ, ಆಮೇಲೆ ಗೋಲು ಹೊಡೆದ. ನನಗೆ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಂಜಪ್ಪನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕೋಚು ಎಂದರೆ ಷರಾಯಿ ಹಾಕಿರಬೇಕು, ಷಡ್ಡಕ ಏನೆಂದಾನು ಎಂದು ಪೇಚಾಡಿದರು. ಸಂಬಳ ಎಷ್ಟು ಕೇಳುತ್ತಾನೆ ಎಂದರು. ಕಾಳಯ್ಯ ಸಂಬಳದ ಮಾತೇ ಬೇಡವೆಂದಿದ್ದ. ಬೆಳೆ ಕೈಗೆ ಬಂದರೆ, ಎಂದರೆ ಪಂದ್ಯ ಗೆದ್ದರೆ, ಪದ್ಧತಿಯಂತೆ ಕಣದಲ್ಲಿ ಒಂದು ಪಾಲು ಭತ್ತ ಅಳೆಯಿರಿ, ಬಾರದಿದ್ದರೆ ಬೇಡ ಎಂದಿದ್ದ. ಅದನ್ನು ಕೇಳಿದ ಮೇಲೆ ಷರಾಯಿಯ ಪ್ರಶ್ನೆ ಮತ್ತೆ ಏಳಲಿಲ್ಲ.

ಪಂದ್ಯ ಮದ್ದೂರಿನಲ್ಲಿ. ರೈಲಿನಲ್ಲಿ ಹೊರಟೆವು. ಹನಕೆರೆ ಸ್ಟೇಷನ್ ಬರುವವರೆಗೂ ಕಾಳಯ್ಯ ಕಿಟಕಿಯ ಹೊರಗೆ ನೋಡುತ್ತಾ ಯಾರ ಗದ್ದೆಗೆ ನೀರು ಹೆಚ್ಚಾಗಿದೆ, ಯಾವ ನೀರುಗಂಟಿ ನಿದ್ದೆ ಮಾಡುತ್ತಿದ್ದಾನೆ ಎಂದು ಬೈಯುತ್ತಲೇ ಇದ್ದ. ಮೈದಾನದ ಒಂದು ಬದಿಯಲ್ಲಿ ಇಬ್ಬರು ಸಾಹುಕಾರರೂ ಕುರ್ಚಿ ಹಾಕಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಕಾಳಯ್ಯ ಗುದ್ದಲಿ ಊರಿ ಅಂಚಿನಲ್ಲಿ ನಿಂತ. ನಾನು ನಿಯಮದ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತೆ. ಮೊದಲರ್ಧದಲ್ಲಿ ನಡೆದದ್ದನ್ನು ಈಗಲೂ ಎಣಿಸಿಕೊಂಡು ಸುಖಪಡುತ್ತೇನೆ. ಚೆಂಡು ನಮ್ಮ ಮಡಿಗಳಲ್ಲಿ ಹರಿಯಿತು, ರಹೀಮ ಎರಡು ಗೋಲು ಹೊಡೆದ, ಮದ್ದೂರಿಗೆ ಒಂದೂ ಇಲ್ಲ. ನಂಜಪ್ಪನವರು ಮೀಸೆಯನ್ನು ಎರಡು ಸಲ ಸವರಿಕೊಂಡರು, ಗೋಲಿಗೊಂದರಂತೆ.

ಅರ್ಧ ಆಟ ಮುಗಿದು ಎರಡು ತಂಡಗಳೂ ದಿಕ್ಕು ಬದಲಿಸಿದವು. ಅದು ಹಾಕಿಯ ನಿಯಮ. ಕಾಳಯ್ಯ ಅದನ್ನು ನೋಡಿ ತಲೆಯಾಡಿಸಿ, ಎರಡು ಹೆಜ್ಜೆ ಒಳಗೆ ಹೋಗಿ, "ನಮ್ ಸರ್ದಿ ಮುಗೀತು ಕಣ್ರಲಾ. ಈಗ ಅವ್ರದು, ಬುಟ್ಕೊಡಿ" ಎಂದ.

ನಾನು ಮೊದಲು ತಮಾಷೆಯೆಂದುಕೊಂಡೆ. ಹುಡುಗರು ಹಾಗೆಂದುಕೊಳ್ಳಲಿಲ್ಲ. ನೀರುಗಂಟಿ ಸರದಿ ಮುಗಿಯಿತೆಂದರೆ ಮುಗಿಯಿತು. ಅವರು ಕೋಲು ಕೆಳಗಿಟ್ಟು ದಾರಿ ಬಿಟ್ಟು ನಿಂತರು. ಮದ್ದೂರಿನವರು ಇದರಲ್ಲಿ ಏನೋ ಮೋಸವಿದೆಯೆಂದು ಹೆದರುತ್ತಾ ಹೆದರುತ್ತಾ ಬಂದು ಒಂದು ಗೋಲು ಹೊಡೆದರು. ಎರಡನೆಯದಕ್ಕೆ ಅಷ್ಟು ಹೆದರಲಿಲ್ಲ. ನಂಜಪ್ಪನವರು ಕುರ್ಚಿಯಿಂದೆದ್ದು ನನ್ನನ್ನು ನೋಡಿದರು. ಬೀಗ ಹಾಕಿದ ಡ್ರಾಯರು ನನ್ನ ಕಣ್ಣ ಮುಂದೆ ತೆರೆದುಕೊಂಡಿತು.

ನಾನು ಕಾಳಯ್ಯನ ಕೈ ಹಿಡಿದುಕೊಂಡೆ. ಇಲ್ಲಿ ಸರದಿ ಇಲ್ಲ, ಎಷ್ಟು ಸಿಕ್ಕರೆ ಅಷ್ಟೂ ನಮ್ಮದೇ ಎಂದು ವಿವರಿಸಿದೆ. ಅವನಿಗೆ ಅಸಹ್ಯವಾಯಿತು. ಮೂವತ್ತು ವರ್ಷದಲ್ಲಿ ನಾನು ಯಾರಿಗೂ ಹಾಗೆ ನೀರು ಬಿಟ್ಟವನಲ್ಲ, ಇದು ಕಳ್ಳರ ಆಟ ಎಂದು ಗುದ್ದಲಿ ಎತ್ತಿಕೊಂಡು ಹೊರಡಲು ಸಿದ್ಧನಾದ. ಆಗ ನನಗೆ ಎಲ್ಲಿಂದ ಬುದ್ಧಿ ಬಂತೋ ಕಾಣೆ. "ಕಾಳಯ್ಯ, ಆ ಗೋಲು ನಮ್ಮ ಏರಿ. ಅವರು ಏರಿ ಒಡೆಯುತ್ತಿದ್ದಾರೆ" ಎಂದೆ.

ಅವನ ಮುಖ ಬದಲಾಯಿತು. "ಏರಿ ಒಡೀತಾವ್ರೆ ಅಂತ ಮೊದ್ಲೇ ಯೋಳ್ಬಾರ್ದಾ ಸ್ವಾಮಿ" ಎಂದು ನನ್ನನ್ನು ಗದರಿ, ಬೋರೇಗೌಡನ ಕಡೆ ತಿರುಗಿ ಏರಿ ಕಾಯುವಂತೆ ಕೂಗಿದ. ಏರಿ ಬಿರುಕು ಬಿಟ್ಟಾಗ ಮಣ್ಣು ಬರುವವರೆಗೆ ಗಟ್ಟಿ ಆಳೊಬ್ಬ ಬಿರುಕಿಗೆ ಅಡ್ಡ ಮಲಗಿ ನೀರು ತಡೆಯುವುದನ್ನು ದುದ್ದದ ಬೋರೇಗೌಡ ಕಂಡಿದ್ದ. ಅವನು ಗೋಲಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟ. ಮಿಕ್ಕವರು ಅವನ ಮುಂದೆ ಸಾಲಾಗಿ ನಿಂತರು. ಮದ್ದೂರಿನವರು ತಕರಾರು ತೆಗೆದರು. ಅಂಪೈರು ನನ್ನ ಬಳಿ ಬಂದು ಪುಸ್ತಕ ಕೇಳಿದರು, ಎರಡು ಊರಿಗೂ ಇದ್ದುದು ಅದೊಂದೇ ಪ್ರತಿ. ನಾನು ಹಾಳೆ ತಿರುವಿದೆ. ಮಲಗಬಾರದೆಂಬ ನಿಯಮ ಅದರಲ್ಲಿ ಇರಲಿಲ್ಲ, ಅಥವಾ ಇದ್ದ ಹಾಳೆ ನನಗೆ ಸಿಗಲಿಲ್ಲ. ಕೊನೆಯ ಕಾಲು ಗಂಟೆ ಚೆಂಡು ಬೋರೇಗೌಡನ ಬೆನ್ನಿಗೂ ತೊಡೆಗೂ ಬಡಿದು ಬಡಿದು ಹಿಂದಕ್ಕೆ ಹೋಯಿತು. ಪಂದ್ಯ ಎರಡು ಎರಡು ಸಮವಾಯಿತು.

ಸಮವೆಂದರೆ ಸೋಲಲ್ಲ. ನಂಜಪ್ಪನವರ ಕರಾರಿನಲ್ಲಿದ್ದುದು ಸೋತರೆ ಎಂಬ ಮಾತು. ಮುಂದಿನ ಹಬ್ಬದಲ್ಲಿ ಮಳವಳ್ಳಿಯ ಮಾವನವರು ಇಬ್ಬರು ಅಳಿಯಂದಿರಿಗೂ ಒಂದೇ ಸಲಕ್ಕೆ ಎಲೆ ಹಾಕಿಸಿದರಂತೆ. ಅದರಿಂದಲೇ ನಮ್ಮ ಸಾಹುಕಾರರಿಗೆ ಗೆದ್ದಷ್ಟು ಸಂತೋಷವಾಯಿತು. ಮದ್ದೂರಿನಿಂದ ಬಂದ ಮರುದಿನ ಬೆಳಿಗ್ಗೆಯೇ ನಾನು ಡ್ರಾಯರಿನ ಬೀಗ ತೆಗೆದು ಹನ್ನೊಂದು ಕಾಗದಗಳನ್ನೂ ಚೂರು ಚೂರು ಮಾಡಿ ಗಿರಣಿಯ ಬಾಯ್ಲರಿಗೆ ಹಾಕಿದೆ. ಎದೆಯ ಮೇಲಿಂದ ಹನ್ನೊಂದು ಮೂಟೆ ಇಳಿಸಿದ ಹಾಗಾಯಿತು. ಸೀಟಿಯನ್ನು ಸಾಹುಕಾರರಿಗೆ ಒಪ್ಪಿಸಿದೆ. ಕಾಳಯ್ಯ ತನಗೆ ಅದು ಬೇಡವೆಂದ.

ಸುಮ್ಮನೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನಿಗೆ ಆಸೆ ಎಂಬುದೊಂದಿದೆಯಲ್ಲ. ಎರಡು ವರ್ಷ ದುಡಿದಿದ್ದೇನೆ, ನನ್ನ ಶ್ರಮ ಎಲ್ಲಾದರೂ ಒಂದು ಚೂರು ಅಂಟಿಕೊಂಡಿರಬೇಕು ಎನಿಸಿ, ಹುಡುಗರನ್ನು ಮೊದಲು ನೋಡಿದಾಗ ನಿನಗೆ ಹೇಗೆ ಕಂಡರು ಎಂದು ಕಾಳಯ್ಯನನ್ನು ಕೇಳಿದೆ. ಅವನು ಅಗಿಯುತ್ತಿದ್ದ ಎಲೆ ಅಡಿಕೆಯನ್ನು ಉಗಿದ. ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ.

"ಒಳ್ಳೆ ಐಕ್ಳು ಸ್ವಾಮಿ. ಎಲ್ಡು ವರ್ಸ ನೀವು ಯೋಳಿದ್ ಒಂದ್ನೂ ಕಿವಿಗ್ ಆಕ್ಕಳ್ದೆ ಉಳ್ಕಂಡವ್ರೆ. ಕೇಳ್ಬುಟ್ಟಿದ್ರೆ ನನ್ ಕೈಲೂ ಆಯ್ತಿರ್ನಿಲ್ಲ."

ಹನ್ನೊಂದು ಸಂಸಾರಗಳು ಉಳಿದದ್ದು ನನ್ನ ಮಾತನ್ನು ಯಾರೂ ಕೇಳದೆ ಇದ್ದುದರಿಂದ ಎಂದು ತಿಳಿದರೆ ಯಾರಿಗಾದರೂ ಬೇಸರವಾಗಬೇಕು. ನನಗೆ ಮಾತ್ರ ನಿರಾಳವಾಯಿತು. ಆ ನಿರಾಳದಲ್ಲೇ ಮನೆಗೆ ಬಂದು ಇದನ್ನು ನನ್ನಾಕೆಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ, "ಈ ಮನೆ ಇಷ್ಟು ದಿನ ಹೇಗೆ ಉಳಿದಿದೆ ಅಂದ್ಕೊಂಡಿದ್ರಿ?" ಎಂದಳು.