ಒಂದು ರಾಶಿಗೆ ಒಂದೇ ಲಾಭ

೨೦೨೫ನೇ ಇಸವಿ ಡಿಸೆಂಬರ್ ೨೧, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ದಾವಣಗೆರೆಯ ಸರಸ್ವತಿ ನಗರದ ಪಾರ್ಕಿನಲ್ಲಿ ಹಾಲಸ್ವಾಮಿ ಒಂದು ಮಾತು ಆಡಿದ. ಅದೂ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತ ಏಳೆಂಟು ಜನರ ಮುಂದೆ.

"ನೋಡ್ರಿ, ಶಿವಯೋಗಪ್ಪ ಸಾರ್ ನನಗೆ ಕೆಮಿಸ್ಟ್ರಿ ಕಲಿಸಿದ್ರು. ನಾನು ಸಾರ್‌ಗೆ ಗಾಲ್ಫ್ ಕಲಿಸಿದೆ. ಅಲ್ಲಿಗೆ ಋಣ ಚುಕ್ತಾ."

ಜನ ನಕ್ಕರು. ಶಿವಯೋಗಪ್ಪನವರ ಮುಖ ಆಮ್ಲಕ್ಕೆ ಅದ್ದಿದ ಲಿಟ್ಮಸ್ ಕಾಗದದಂತೆ ಕೆಂಪಾಯಿತು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ಈ ಹಾಲಸ್ವಾಮಿ ಅವರ ವಿಷಯದಲ್ಲೇ ಎರಡು ಸಲ ಫೇಲಾಗಿ, ಈಗ ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟವನು. ಗಾಲ್ಫ್ ಕೋಲುಗಳನ್ನು ಎಲ್ಲಿಂದಲೋ ತಂದವನು ಅವನೇ, ನಿಜ. ಆದರೆ ಹೊಡೆತದ ಕೋನ, ಗಾಳಿಯ ವೇಗ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಆಡುತ್ತಿದ್ದವರು ಯಾರು?

"ಲೇ ಹಾಲಸ್ವಾಮಿ, ಇವತ್ತೇ ಪಂದ್ಯ ಆಗ್ಲಿ. ನಾನು ಗೆದ್ರೆ ಈ ಮಾತು ಮತ್ತೆ ನಿನ್ನ ಬಾಯಾಗೆ ಬರಬಾರ್ದು."

"ನಾನು ಗೆದ್ರೆ ಸಾರ್?"

"ಏನ್ ಬೇಕೋ ಕೇಳು."

"ನನ್ನ 'ಗುರುಗಳೇ' ಅನ್ಬೇಕು. ಒಂದೇ ಸಲ. ಎಲ್ಲಾರ ಮುಂದೆ, ಗಟ್ಟಿಯಾಗಿ."

ಶಿವಯೋಗಪ್ಪ ಟೊಪ್ಪಿಗೆ ಬಿಗಿ ಮಾಡಿಕೊಂಡರು. "ಆತು. ನಡಿ."

ಮೈದಾನವೆಂದರೆ ಮಲೆಬೆನ್ನೂರಿನ ಹತ್ತಿರ ಓಬವ್ವನ ಗದ್ದೆ. ಭತ್ತ ಕೊಯ್ದಾಗಿತ್ತು, ನಾಲೆಗೆ ನೀರು ಬಿಡುವ ತನಕ ನೆಲ ಖಾಲಿ. ಮೂರು ಕಡೆ ಬಣ್ಣದ ಡಬ್ಬಿ ಹೂತು ಕುಳಿ ಮಾಡಿದ್ದರು. ಮೂರೂ ಕುಳಿಗೆ ಚೆಂಡು ಬೀಳಿಸಬೇಕು, ಕಡಿಮೆ ಏಟಿನಲ್ಲಿ ಬೀಳಿಸಿದವರು ಗೆದ್ದಂತೆ. ಒಬ್ಬರ ಎಣಿಕೆಯನ್ನು ಇನ್ನೊಬ್ಬರು ನಂಬದ ಕಾರಣ ಬದುವಿನ ಮೇಲೆ ಓಬವ್ವನನ್ನೇ ಕೂರಿಸಿದರು. ನಲವತ್ತು ವರ್ಷ ಕಣದಲ್ಲಿ ರಾಶಿ ಅಳೆದ ಹೆಂಗಸು. ಅವಳ ಲೆಕ್ಕ ತಪ್ಪಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಪಾರ್ಕಿನ ಬೆಂಚಿಗೆ ಬೆಂಚೇ ಎರಡು ಕಾರುಗಳಲ್ಲಿ ಹಿಂದೆ ಬಂದಿತ್ತು. ಹಿರಿಯರೆಂದು ಮೊದಲ ಏಟು ಶಿವಯೋಗಪ್ಪನವರಿಗೆ ಬಿಟ್ಟರು. ಅವರು ಒಂದು ಎಸಳು ಹುಲ್ಲನ್ನು ಗಾಳಿಗೆ ತೂರಿ ನೋಡಿ, ಮಂಡಿ ಬಗ್ಗಿಸಿ, ಹಿಂಭಾಗ ಹಿಂದಕ್ಕೆ ಚಾಚಿ ನಿಂತರು.

"ಯಾಕ್ರೀ, ಮೇಷ್ಟ್ರಿಗೆ ಸೊಂಟ ಹಿಡ್ಕಂತಾ?" ಎಂದಳು ಪಕ್ಕದ ಹೊಲದ ತಿಪ್ಪಮ್ಮ.

ಕೋಲು ಬೀಸಿದ ರಭಸಕ್ಕೆ ಮಣ್ಣಿನ ಹೆಂಟೆಯೊಂದು ಕಾವಲಿಯ ಮೇಲಿನ ದೋಸೆಯಂತೆ ಮಗುಚಿ ಬಿತ್ತು. ಚೆಂಡು ಹತ್ತು ಹೆಜ್ಜೆ ಉರುಳಿತು.

"ಲಾಭ!" ಎಂದಳು ಓಬವ್ವ.

ಹಾಲಸ್ವಾಮಿ ಹೊಡೆದ. "ಒಂದು!"

ಶಿವಯೋಗಪ್ಪ ಮತ್ತೆ ಹೊಡೆದರು. "ಮೇಷ್ಟ್ರುದು ಎರಡು!"

ಎರಡನೆಯ ಕುಳಿಯ ಹೊತ್ತಿಗೆ ಗದ್ದೆಯಲ್ಲಿ ಮದುವೆಮನೆಯಷ್ಟು ಸಲಹೆ ನೆರೆದಿತ್ತು. "ಕುಡುಗೋಲು ಹಿಡ್ದಂಗೆ ಹಿಡೀರಿ" ಎಂದರೊಬ್ಬರು. "ಕಣ್ಣು ಮುಚ್ಚಿ ಹೊಡೀರಿ" ಎಂದರು ಇನ್ನೊಬ್ಬರು. ಈ ಗಲಾಟೆಯಲ್ಲಿ ಶಿವಯೋಗಪ್ಪ ಹೊಡೆದ ಚೆಂಡು ಮೇಲೆದ್ದು, ಗದ್ದೆಯ ಅಂಚಿನಲ್ಲಿ ಮೌಲಾ ಸಾಬ್ ಟ್ರ್ಯಾಕ್ಟರಿಗೆ ಹೇರಿದ್ದ ಹುಲ್ಲಿನ ಹೊರೆಯ ನೆತ್ತಿಯ ಮೇಲೆ ಕೂತಿತು.

"ಕೈಯಾಗೆ ತಕ್ಕಂಡು ಕೆಳಗೆ ಇಡ್ರಿ ಸಾರ್, ನನ್ನ ತಕರಾರಿಲ್ಲ" ಎಂದ ಹಾಲಸ್ವಾಮಿ.

"ನಿನ್ನ ಉಪಕಾರ ಬ್ಯಾಡ! ಬಿದ್ದಲ್ಲಿಂದ್ಲೇ ಹೊಡೀತೀನಿ."

ಅರವತ್ತಾರರ ಪ್ರಾಯದಲ್ಲಿ ಶಿವಯೋಗಪ್ಪ ಹುಲ್ಲಿನ ಹೊರೆ ಹತ್ತಿದರು. ಮೊದಲ ಏಟಿಗೆ ಹುಲ್ಲು ಹಾರಿತು. ಎರಡನೆಯದಕ್ಕೆ ಟೊಪ್ಪಿಗೆ. ಮೂರನೆಯದಕ್ಕೆ ಚೆಂಡು ಕೆಳಗಿಳಿಯಿತು, ಅದರ ಹಿಂದೆಯೇ ಶಿವಯೋಗಪ್ಪನವರೂ ಇಳಿದರು, ಬೆನ್ನ ಮೇಲೆ. "ಸಾಬ್ರೇ, ಹುಲ್ಲು ಮೆತ್ತಗೈತೆ" ಎಂದು ಎದ್ದು ಮುಂದಿನ ಏಟಿಗೆ ನಡೆದರು.

ಹಾಲಸ್ವಾಮಿಯ ಚೆಂಡೂ ನಾಲೆಯ ಕೆಸರಿಗೆ ಬಿದ್ದು ಆರೇಳು ಏಟು ತಿಂದಿತು. ಹನ್ನೆರಡು ಗಂಟೆಗೆ ಇಬ್ಬರೂ ಮೂರನೆಯ ಡಬ್ಬಿ ಮುಟ್ಟಿದಾಗ ಓಬವ್ವ ಕೂಗಿದಳು: "ಮೇಷ್ಟ್ರುದು ಮೂವತ್ತೊಂದು. ಹಾಲಸ್ವಾಮಿದೂ ಮೂವತ್ತೊಂದು. ಸಮ!"

"ಒಳ್ಳೇದಾತು ಬಿಡ್ರಿ ಸಾರ್," ಹಾಲಸ್ವಾಮಿ ಬೆವರು ಒರೆಸಿಕೊಂಡ. "ಆ ಮಾತು ಇನ್ನು ಆಡಲ್ಲ. ನಡೀರಿ, ಊಟ ಮಾಡಾನ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 'ಸಮ' ಎಂಬ ಪದ ಶಿವಯೋಗಪ್ಪನವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಎರಡು ಸಲ ಫೇಲಾದವನಿಗೂ ಫೇಲು ಮಾಡಿದವರಿಗೂ ಸಮವೇ?

"ನಿಲ್ಲು! ಓಬವ್ವ, ನನ್ನ ಮೊದಲ್ನೇ ಏಟಿಗೆ ಏನಂದೆ?"

"ಲಾಭ ಅಂದೆ. ರಾಶಿ ಅಳೆಯಾಕೆ ಶುರು ಮಾಡಿದ್ರೆ ಒಂದು ಅಂತಾರೇನ್ರಿ? ಲಾಭ ಅಂತಾರೆ."

"ಇವನಿಗೆ ಯಾಕ ಅನ್ಲಿಲ್ಲ?"

"ಒಂದು ರಾಶಿಗೆ ಒಂದೇ ಲಾಭ ಮೇಷ್ಟ್ರೇ."

"ಕೇಳಿದ್ರಾ!" ಶಿವಯೋಗಪ್ಪ ಬೆಂಚಿನವರತ್ತ ತಿರುಗಿದರು. ಕರಿಹಲಗೆಯ ಮುಂದೆ ನಿಂತ ಕಳೆ ಬಂದಿತ್ತು. "ಲಾಭ ಅನ್ನೋದು ಅಂಕಿ ಅಲ್ಲ. ಅಂಕಿ ಅಲ್ಲದ್ದನ್ನ ಕೂಡ್ಸಾಕೆ ಬರಲ್ಲ. ಲಾಭ ದೇವರದು! ನಂದು ಮೂವತ್ತೇ ಏಟು."

"ಸಾರ್, ಲಾಭ ಅಂದ್ರೆ ಒಂದೇ ಅಲ್ವಾ? ಇಡೀ ಜಿಲ್ಲೆಗೆ ಗೊತ್ತೈತೆ" ಎಂದ ಹಾಲಸ್ವಾಮಿ.

"ಎಣಿಸಿದ್ದು ಕಣದ ರೀತಿ, ತೀರ್ಪೂ ಕಣದ ರೀತಿನೇ ಆಗ್ಬೇಕು. ಗಾಲ್ಫಿನ ಕಾನೂನು ಇಲ್ಲಿ ಬ್ಯಾಡ. ಓಬವ್ವ ಹೇಳಿದ್ದೇ ಕೊನೆ!"

ಅರ್ಧ ಗಂಟೆ ವಾದ ನಡೆಯಿತು. ಹಸಿದ ಬೆಂಚು ಒಬ್ಬೊಬ್ಬರಾಗಿ ಮೇಷ್ಟ್ರ ಪಕ್ಷಕ್ಕೆ ವಾಲಿತು. ಓಬವ್ವ ಕೊನೆಗೆ ಸೆರಗು ಕೊಡವಿ ಎದ್ದಳು.

"ಆತು. ಲಾಭ ದೇವ್ರಿಗೆ. ಮೇಷ್ಟ್ರುದು ಮೂವತ್ತು, ಹಾಲಸ್ವಾಮಿದು ಮೂವತ್ತೊಂದು."

ಶಿವಯೋಗಪ್ಪ ಎರಡೂ ಕೈ ಮೇಲೆತ್ತಿದರು.

"ಅಂದ್ಮೇಲೆ ಹಾಲಸ್ವಾಮಿ ಗೆದ್ದ" ಎಂದಳು ಓಬವ್ವ.

ಕೈಗಳು ಅಲ್ಲೇ ನಿಂತವು. "ಏನವ್ವ ಇದು! ಕಮ್ಮಿ ಇದ್ದೋರು ಗೆಲ್ಲೋದು!"

"ಕಮ್ಮಿ ಅಳೆದೋನು ಗೆಲ್ಲೋದು ಯಾವ ಕಣದಾಗೆ ಐತ್ರಿ? ರಾಶಿ ದೊಡ್ಡದಾದೋನೇ ಗೆದ್ದಂಗೆ. ಈಗ ತಾನೇ ನೀವೇ ಅಂದ್ರಲ್ಲ, ಕಣದ ತೀರ್ಪು ಅಂತ?"

ಕಾರಿನ ಕಡೆ ಹೊರಟಿದ್ದ ಬೆಂಚು ತಿರುಗಿ ನಿಂತಿತು. ಹಾಲಸ್ವಾಮಿ ಕಿವಿಯ ಹಿಂದೆ ಅಂಗೈ ಇಟ್ಟು ನಿಂತ, ಅಷ್ಟೇ.

ಶಿವಯೋಗಪ್ಪ ಎದೆ ಉಬ್ಬಿಸಿ, ಕಲ್ಲು ಬೀಸಿದಂತೆ ಕೂಗಿದರು: "ಗುರುಗಳೇ!" ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಹಾರಿದವು. "ಅಂದಾತು. ಮುಂದಿನ ಭಾನುವಾರ ಬಾ ಮಗನೇ, ನೋಡು ಹೆಂಗೆ ಹೊಡೀತೀನಿ!" ಎನ್ನುತ್ತ ಚೆಂಡು ಇಟ್ಟು, ಹಲ್ಲು ಕಚ್ಚಿ, ಇದ್ದ ಬಲವೆಲ್ಲ ಹಾಕಿ ಕೋಲು ಬೀಸಿದರು.

ಎಲ್ಲರೂ ಹಣೆಗೆ ಕೈಯಿಟ್ಟು ಹರಿಹರದ ದಿಕ್ಕಿನ ಆಕಾಶದಲ್ಲಿ ಚೆಂಡು ಹುಡುಕಿದರು. ಶಿವಯೋಗಪ್ಪ ಮಾತ್ರ ಕೆಳಗೆ ನೋಡಿದರು. ಅಳತೆಯ ವಿಷಯದಲ್ಲಿ ಅವರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಜೇಬಿನಿಂದ ಟೇಪು ತೆಗೆದು, ಕುಕ್ಕರಗಾಲಲ್ಲಿ ಕೂತು ಚೆಂಡು ಉರುಳಿದ ದೂರ ಅಳೆದರು.

ನಲವತ್ತೆರಡು ಸೆಂಟಿಮೀಟರ್.