ಮೆಟ್ಟಿಲುರಹಿತರಿಗೆ ತುರ್ತು ಆಶ್ರಯ

ನಗರಸಭೆಯ ತುರ್ತು ವಸತಿ ನೆರವು ವಿಭಾಗವು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ನಡುವೆ ಊಟದ ಒಂದು ಗಂಟೆ ಬಿಟ್ಟು, ಎಲ್ಲ ಬಗೆಯ ತುರ್ತುಗಳಿಗೂ ತೆರೆದಿರುತ್ತದೆ. ಈ ಅವಧಿಯ ಹೊರಗೆ ಸಂಭವಿಸುವ ತುರ್ತುಗಳನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ ಸಂಭವಿಸಿದವೆಂದೇ ಭಾವಿಸತಕ್ಕದ್ದು ಎಂಬ ಫಲಕ ಬಾಗಿಲ ಪಕ್ಕದಲ್ಲೇ ಇದೆ. ಸಾರ್ವಜನಿಕರು ಇದಕ್ಕೆ ಸಹಕರಿಸುತ್ತಲೇ ಬಂದಿದ್ದಾರೆ.

ಹೊಲಿಗೆಯವಳು ವಾಸವಿದ್ದ ಕಟ್ಟಡ ಮಾತ್ರ ಸಹಕರಿಸಲಿಲ್ಲ. ಅದರ ಮೆಟ್ಟಿಲುಗಳು ಒಂದು ಮಂಗಳವಾರ ಸಂಜೆ ಐದೂ ಹತ್ತಕ್ಕೆ, ಕಚೇರಿ ಬೀಗ ಹಾಕಿದ ಸ್ವಲ್ಪ ಹೊತ್ತಿಗೆ, ಬುಡದಿಂದ ತುದಿಯವರೆಗೆ ಕುಸಿದುಬಿದ್ದವು. ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಅವಳನ್ನೂ ಅವಳ ಮಾವನನ್ನೂ ಹೊಲಿಗೆ ಯಂತ್ರವನ್ನೂ ಅಗ್ನಿಶಾಮಕದವರು ಏಣಿಯಿಂದ ಇಳಿಸಿದರು. ನಗರಸಭೆಯ ಎಂಜಿನಿಯರು ಬಂದು ಕಟ್ಟಡದ ಸುತ್ತ ಹಳದಿ ಪಟ್ಟಿ ಕಟ್ಟಿ, ಒಳಗೆ ಹೋದವರ ಮೇಲೆ ಕ್ರಮ ಜರುಗಿಸುವುದಾಗಿ ಬರೆದು ಹೋದರು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದೇ ಈ ಮಾವ, ಈ ಯಂತ್ರ. ಎರಡನ್ನೂ ಕೈಗಾಡಿಯ ಮೇಲೆ ಕೂರಿಸಿಕೊಂಡು ಬುಧವಾರ ಹತ್ತು ಗಂಟೆಗೆ ಸರಿಯಾಗಿ ಅವಳು ಕೌಂಟರಿನ ಮುಂದೆ ನಿಂತಳು.

"ಏನು ಕಳ್ಕೊಂಡಿದ್ದೀರಿ?" ಗುಮಾಸ್ತ ಕೇಳಿದ.

"ಮನೆ."

ಗುಮಾಸ್ತ ಎಂಜಿನಿಯರ ವರದಿಯನ್ನು ಎರಡು ಸಲ ಓದಿದ. "ಇದರಲ್ಲಿ ಹಾಗಿಲ್ಲವಲ್ಲಮ್ಮ. ಮೆಟ್ಟಿಲು ಬಿದ್ದಿದೆ ಅಂತಿದೆ. ಮನೆ ನೆಟ್ಟಗೇ ಇದೆ, ಮೂರನೇ ಮಹಡೀಲಿ."

"ಅಲ್ಲಿಗೆ ಹೋಗೋದು ಹೇಗೆ?"

"ಅದು ಸಾರಿಗೆ ಪ್ರಶ್ನೆ. ನಮ್ಮದು ವಸತಿ."

ಮಾವ ಕೈಗಾಡಿಯಿಂದಲೇ ಬಾಯಿ ಹಾಕಿದ. ಅವನು ನಿವೃತ್ತ ಬಸ್ ಕಂಡಕ್ಟರು. "ಸಾರಿಗೇಲಿ ಮೂವತ್ತೆರಡು ವರ್ಷ ಇದ್ದೆ ಸ್ವಾಮಿ. ಮೂರನೇ ಮಹಡಿಗೆ ನಮ್ಮ ಬಸ್ಸು ಯಾವತ್ತೂ ಹೋಗಿಲ್ಲ."

ಗುಮಾಸ್ತ ಕೆಟ್ಟವನಲ್ಲ. ನಿಯಮಗಳ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದ. ಮನೆಯಿಲ್ಲದವರು ಮನೆರಹಿತರು. ಮನೆಯಿದ್ದು ಮೆಟ್ಟಿಲಿಲ್ಲದವರು ಮೆಟ್ಟಿಲುರಹಿತರು ಎಂಬ ಬೇರೆಯೇ ವರ್ಗ. ಆ ವರ್ಗದ ನಮೂನೆ ಇನ್ನೂ ಅಚ್ಚಾಗಿರಲಿಲ್ಲ.

"ಒಂದು ದಾರಿ ಇದೆ," ಎಂದು ದನಿ ತಗ್ಗಿಸಿದ. "ಮೂರು ದಿನ ಒಂದೇ ಜಾಗದಲ್ಲಿ, ಬಯಲಲ್ಲಿ ಮಲಗಿರೋದನ್ನ ನಮ್ಮ ಪರಿಶೀಲಕರು ಕಣ್ಣಾರೆ ನೋಡಿದರೆ, ಮೆಟ್ಟಿಲುರಹಿತರಿಂದ ಮನೆರಹಿತರಿಗೆ ಬಡ್ತಿ ಸಿಗುತ್ತೆ."

"ಬಯಲಲ್ಲಿ ಎರಡು ದಿನಕ್ಕಿಂತ ಹೆಚ್ಚು ಮಲಗಿದರೆ ನಗರಸಭೆ ಗಾಡಿಯವರು ಎಬ್ಬಿಸಿ ಓಡಿಸ್ತಾರಲ್ಲ?"

"ಅದು ಸ್ವಚ್ಛತಾ ವಿಭಾಗ. ಅವರ ಕರ್ತವ್ಯಕ್ಕೆ ನಾವು ಅಡ್ಡಿ ಮಾಡೋ ಹಾಗಿಲ್ಲ."

ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು ಅವಳಿಗೆ ಟೋಕನ್ ಕೊಟ್ಟ. ದಿನಕ್ಕೆ ಆರು ಟೋಕನ್ ಕರೆಯುವುದು ವಿಭಾಗದ ಪದ್ಧತಿ. ಅವಳ ಮುಂದೆ ಇನ್ನೂರಕ್ಕೂ ಹೆಚ್ಚು ಟೋಕನ್‌ಗಳಿದ್ದವು; ಪಡೆದವರು ಕಾದು ಬೇಸತ್ತು ಹೊರಟುಹೋಗಿದ್ದರು. ಹೊಲಿಗೆಯವಳ ಮುಖ ಇಳಿದುಹೋಯಿತು. ಮಾವ ಮಾತ್ರ ಸುತ್ತ ಕಣ್ಣು ಹಾಯಿಸಿದ. ಉದ್ದನೆಯ ಕಾಯುವ ಕೊಠಡಿ, ನಾಲ್ಕು ಕಬ್ಬಿಣದ ಬೆಂಚು, ಕಿರುಗುಟ್ಟುವ ಫ್ಯಾನು, ಸರಪಳಿ ಬಿಗಿದ ಲೋಟದ ಜೊತೆ ಕುಡಿಯುವ ನೀರು. ಗೋಡೆಯ ಮೇಲೆ ಬೀಗದ ಕೈ ಹಿಡಿದು ನಗುತ್ತಿರುವ ಒಂದು ಕುಟುಂಬದ ಚಿತ್ರ.

"ಇಲ್ಲಿ ಎಷ್ಟು ಹೊತ್ತು ಕೂತಿರಬಹುದು?" ಎಂದು ಕೇಳಿದ.

"ಟೋಕನ್ ಕರೆಯೋ ತನಕ. ಅಲ್ಲೀವರೆಗೂ ಯಾರೂ ಎಬ್ಬಿಸೋ ಹಾಗಿಲ್ಲ. ನಾಗರಿಕರ ಹಕ್ಕು ಅದು."

ಮಾವ ಮನಸ್ಸಿನಲ್ಲೇ ಇನ್ನೂರನ್ನು ಆರರಿಂದ ಭಾಗಿಸಿದ. "ಯಂತ್ರ ಇಳಿಸಮ್ಮ," ಎಂದ.

ಹೀಗೆ ಅವರು ಕಾಯತೊಡಗಿದರು. ಕಿಟಕಿಯ ಕೆಳಗೆ ಯಂತ್ರ ಕೂತಿತು. ಮೊದಲ ವಾರದಲ್ಲೇ ಹೊಲಿಗೆಯವಳು ಗುಮಾಸ್ತನ ಅಂಗಿಗೆ ಗುಂಡಿ ಹಾಕಿಕೊಟ್ಟಳು, ವಿಭಾಗಾಧಿಕಾರಿಗಳ ಕೋಟಿನ ಹರಿದ ಅಸ್ತರು ಹೊಲಿದಳು. ಎರಡನೇ ವಾರ ಕಡತಗಳಿಗೆ ಕಟ್ಟುವ ಕೆಂಪು ಪಟ್ಟಿ ಮುಗಿದಾಗ, ಅದನ್ನೂ ಅವಳೇ ಗಜಗಟ್ಟಲೆ ಹೊಲಿದುಕೊಡುವ ವ್ಯವಸ್ಥೆಯಾಯಿತು. ಅಷ್ಟರಲ್ಲಿ ಒಬ್ಬ ಕ್ಷೌರಿಕ ಬಂದ. ರಸ್ತೆ ಅಗಲೀಕರಣದಲ್ಲಿ ಅವನ ಮನೆಯ ಮುಂಭಾಗ ಹೋಗಿ ಹಿತ್ತಿಲಗೋಡೆಯಷ್ಟೇ ನಿಂತಿದ್ದರಿಂದ ಅವನನ್ನು ಭಾಗಶಃ ಮನೆರಹಿತ ಎಂದು ನಮೂದಿಸಲಾಯಿತು. ಅವನ ಹಿಂದೆ ಒಬ್ಬ ನಿವೃತ್ತ ದಾದಿ ಬಂದಳು. ಅವಳ ಹೆಸರಿನಲ್ಲೇ ಮನೆ ಇತ್ತು, ಆದರೆ ತಂಗಿಯ ಮಗ ಬೀಗ ಬದಲಾಯಿಸಿದ್ದ. ಅವಳು ಕೀಲಿರಹಿತೆ. ತಿಂಗಳೊಳಗೆ ಕೊಠಡಿಯಲ್ಲಿ ಮೂವತ್ತೆಂಟು ಜನರಾದರು. ಮಾವ ಬಾಗಿಲಲ್ಲಿ ನಿಂತು, "ಮುಂದೆ ಸರೀರಿ, ಮುಂದೆ ಸರೀರಿ, ಅಲ್ಲಿ ಅಷ್ಟೊಂದು ಜಾಗ ಖಾಲಿ ಬಿದ್ದಿದೆ!" ಎಂದು ಎಲ್ಲರನ್ನೂ ಹೊಂದಿಸುತ್ತಿದ್ದ. ಸಿಬ್ಬಂದಿಗೆ ಕ್ಷೌರ, ರಕ್ತದೊತ್ತಡದ ತಪಾಸಣೆ, ಹೊಲಿಗೆ ಎಲ್ಲವೂ ಕುಳಿತಲ್ಲೇ ಸಿಗುತ್ತಿದ್ದುದರಿಂದ ಅವರು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರತೊಡಗಿದರು.

ಆದರೆ ಮಾವನ ಮಂಡಿಗಳು ಊದಿಕೊಂಡವು. ಬೆಂಚಿನ ಕಬ್ಬಿಣದ ಪಟ್ಟಿಗಳು ಬೆನ್ನಿನ ಮೇಲೆ ಗೆರೆ ಮೂಡಿಸಿದ್ದವು. "ಈತನಿಗೆ ಕಾಲು ಚಾಚಿ ಮಲಗೋಕೆ ಹಾಸಿಗೆ ಬೇಕಮ್ಮ," ಎಂದಳು ದಾದಿ, "ಇಲ್ಲದಿದ್ರೆ ನಡಿಗೆ ಹೋಗುತ್ತೆ." ಹೊಲಿಗೆಯವಳು ಅಂದೇ ವಿಭಾಗಾಧಿಕಾರಿಗಳ ಕೋಣೆಗೆ ನುಗ್ಗಿದಳು.

"ಸಾರ್, ಊರಾಚೆ ನಗರಸಭೆ ಹನ್ನೆರಡು ಮನೆ ಕಟ್ಟಿಸಿದೆಯಂತೆ. ಎರಡು ವರ್ಷದಿಂದ ಖಾಲಿ ಬಿದ್ದಿವೆಯಂತೆ."

ಅಧಿಕಾರಿಗಳಿಗೆ ನೋವಾಯಿತು. "ಯಾರಮ್ಮ ಹೇಳಿದ್ದು ಖಾಲಿ ಅಂತ? ಭರ್ತಿಯಾಗಿವೆ."

"ಯಾರಿದ್ದಾರೆ?"

"ಅರ್ಜಿಗಳು."

ಅಧಿಕಾರಿಗಳು ತಾಳ್ಮೆಯಿಂದ ವಿವರಿಸಿದರು. ವಸತಿ ಕೋರಿ ಬಂದ ಅರ್ಜಿಗಳನ್ನು ಮಳೆ, ಗಾಳಿ, ಇಲಿಗಳಿಂದ ಕಾಪಾಡಿ, ಬೀಗವಿರುವ ಒಣ ಕೋಣೆಯಲ್ಲಿ ಇಡತಕ್ಕದ್ದು ಎಂದು ನಿಯಮವೇ ಇದೆ. ಅರ್ಜಿದಾರರ ಬಗ್ಗೆ ಅಂಥ ನಿಯಮವಿಲ್ಲ. ಕಚೇರಿಯಲ್ಲಿ ಜಾಗ ಸಾಲದಾದಾಗ ಬೇರೆ ಗತಿಯಿರಲಿಲ್ಲ.

"ನಮ್ಮ ಅರ್ಜೀನೂ ಅಲ್ಲೇ ಇದೆಯಾ?"

ಅಧಿಕಾರಿಗಳು ಪುಸ್ತಕ ನೋಡಿದರು. "ಎರಡನೇ ಮನೆ, ಮಲಗೋ ಕೋಣೆ. ಗಾಳಿ ಬೆಳಕು ಚೆನ್ನಾಗಿದೆ. ನೀವೇನೂ ಚಿಂತೆ ಮಾಡಬೇಡಿ."

ಅವಳು ಹೊರಬಂದು ಮಾವನಿಗೆ ಹೇಳಿದಳು. ಮುದುಕ ಮಂಡಿ ನೀವಿಕೊಂಡ. "ಹೋಗ್ಲಿ ಬಿಡಮ್ಮ," ಎಂದ. "ನಮ್ಮ ಹೆಸರಾದ್ರೂ ಆರಾಮಾಗಿ ಮಲಗಿದೆ."

ಅದೇ ವಾರ ಪರಿಶೀಲಕರು ಬಂದರು. ಮೂರು ದಿನ ಕಣ್ಣಾರೆ ನೋಡಿದರು. ನಾಲ್ಕನೇ ದಿನ ಪೆನ್ನಿನ ಮುಚ್ಚಳ ತೆಗೆದರು. "ಚಾವಣಿ ಇದೆ. ಫ್ಯಾನಿದೆ. ನೀರಿದೆ. ಇವರಿಗೆ ಮನೆ ಇಲ್ಲ ಅಂತ ಯಾವ ಕೈಯಲ್ಲಿ ಬರೀಲಿ?" ಎಂದು, ಮೂವತ್ತೆಂಟೂ ಮಂದಿಗೆ ಆಶ್ರಯ ದೊರೆತಿದೆ ಎಂದು ಬರೆದರು. ವಿಭಾಗ ಹುಟ್ಟಿದಾಗಿನಿಂದ ಯಾರಿಗಾದರೂ ಆಶ್ರಯ ದೊರೆತದ್ದು ಅದೇ ಮೊದಲು. ಅಧಿಕಾರಿಗಳ ಕಣ್ಣು ತುಂಬಿ ಬಂತು. ಸಂಜೆಯೊಳಗೆ ಗೋಡೆಗೆ ಪ್ರಕಟಣೆ ಅಂಟಿತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಾಯುವ ಕೊಠಡಿಯಲ್ಲಿರುವ ಮೂವತ್ತೆಂಟು ಮಂದಿಗೆ ಯಶಸ್ವಿಯಾಗಿ ಆಶ್ರಯ ಕಲ್ಪಿಸಲಾಗಿದೆ. ಆಶ್ರಯ ಪಡೆದವರ ಟೋಕನ್ ತಾನಾಗಿಯೇ ರದ್ದಾಗುತ್ತದೆ. ಟೋಕನ್ ಇಲ್ಲದವರು ಕೊಠಡಿಯಲ್ಲಿ ಇರುವಂತಿಲ್ಲ. ಆದ್ದರಿಂದ ಆಶ್ರಯ ಪಡೆದವರೆಲ್ಲರೂ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸದರಿ ಆಶ್ರಯವನ್ನು ತೆರವು ಮಾಡತಕ್ಕದ್ದು."

ಮರುದಿನ ಹತ್ತಕ್ಕೆ ಎಲ್ಲರೂ ಗಂಟುಮೂಟೆಯೊಡನೆ ಜಗಲಿಗೆ ಬಂದರು. ಕ್ಷೌರಿಕ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಮಾವನನ್ನು ಇಬ್ಬರು ಹೆಗಲು ಕೊಟ್ಟು ತಂದಿದ್ದರು. ಅವನ ಕಾಲು ನಡುಗುತ್ತಿತ್ತು. ಅದನ್ನು ನೋಡಿ ಹೊಲಿಗೆಯವಳ ತಲೆ ಕೆಟ್ಟುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೌಂಟರಿಗೆ ಹೋದಳು.

"ಟೋಕನ್ ಕೊಡಿ."

"ಯಾತಕ್ಕಮ್ಮ? ನಿಮಗೆ ಆಶ್ರಯ ಸಿಕ್ಕಿದೆಯಲ್ಲ."

"ಅದು ಈಗಷ್ಟೇ ಹೋಯ್ತು. ಹತ್ತು ಗಂಟೆಗೆ. ನೀವೇ ಬಾಗಿಲು ಹಾಕಿದ್ದು. ಇದಕ್ಕಿಂತ ತುರ್ತು ಇನ್ನೇನಿದೆ?"

ಗುಮಾಸ್ತ ಪುಸ್ತಕ ತಿರುವಿದ. ಒಳಗೆ ಹೋಗಿ ಅಧಿಕಾರಿಗಳೊಡನೆ ಚರ್ಚಿಸಿ ಬಂದ. ಅವಳ ಮಾತು ನಿಯಮಕ್ಕೆ ಅನುಗುಣವಾಗಿಯೇ ಇತ್ತು. ಹೊರಹಾಕಿದ್ದು ಸ್ವತಃ ವಿಭಾಗವೇ ಆದ್ದರಿಂದ ಪರಿಶೀಲನೆಯ ಅಗತ್ಯವೂ ಬೀಳಲಿಲ್ಲ. ಹತ್ತೂ ಐದಕ್ಕೆ ಮೂವತ್ತೆಂಟು ಹೊಸ ಟೋಕನ್ ಕೊಡಲಾಯಿತು, ಮೂವತ್ತೆಂಟು ಮಂದಿ ಒಳಗೆ ಬಂದು ಕೂತರು, ಮೂವತ್ತೆಂಟು ಹೊಸ ಆಶ್ರಯಗಳು ದಾಖಲಾದವು. ಯಂತ್ರ ಮತ್ತೆ ಕಿಟಕಿಯ ಕೆಳಗೆ ಕೂತಿತು. ಹೊಲಿಗೆಯವಳು ಗೆದ್ದಳೆಂದು ಎಲ್ಲರೂ ಕೊಂಡಾಡಿದರು. ಅವಳಿಗೂ ಹಾಗೇ ಅನ್ನಿಸಿತು.

ಆಶ್ರಯ ಸಿಕ್ಕಿದ್ದರಿಂದ ಮರುದಿನ ಅವರ ಟೋಕನ್ ರದ್ದಾಯಿತು. ಹತ್ತಕ್ಕೆ ಹೊರಗೆ ಬಂದರು, ಹತ್ತೂ ಐದಕ್ಕೆ ಒಳಗೆ ಹೋದರು. ಅದರ ಮರುದಿನವೂ ಅಷ್ಟೇ. ರಜಾದಿನಗಳಲ್ಲಿ ಮಾತ್ರ ನಿರ್ಗತಿಕರಾಗಲು ಅವಕಾಶವಿರಲಿಲ್ಲ. ಮಾವನಿಗೆ ನಿಲ್ಲಲಾಗದು ಎಂದು ದಾದಿ ಪ್ರಮಾಣಪತ್ರ ಬರೆದುಕೊಟ್ಟ ಮೇಲೆ, ಕುರ್ಚಿಯಲ್ಲಿ ಕುಳಿತೇ ಹೊರಹಾಕಲ್ಪಡುವ ವಿಶೇಷ ರಿಯಾಯಿತಿ ಅವನಿಗೆ ಮಂಜೂರಾಯಿತು. ಗುಮಾಸ್ತನೇ ಒಂದು ಕಡೆ ಕುರ್ಚಿ ಹಿಡಿಯುತ್ತಿದ್ದ. "ಹುಷಾರು ತಾತ, ಹೊಸ್ತಿಲು," ಎನ್ನುತ್ತಿದ್ದ.

ವರ್ಷ ಮುಗಿಯುವಾಗ ವಿಭಾಗ ಒಂಬತ್ತು ಸಾವಿರಕ್ಕೂ ಹೆಚ್ಚು ಆಶ್ರಯ ಒದಗಿಸಿತ್ತು. ಮೇಲಿನ ಕಚೇರಿಯಿಂದ ಸಮಿತಿಯೊಂದು ಫಲಕ, ಶಾಲು, ಛಾಯಾಗ್ರಾಹಕನ ಸಮೇತ ಬಂತು. ಫಲಾನುಭವಿಯೊಬ್ಬರು ಎರಡು ಮಾತಾಡಬೇಕೆಂದು ಸಮಿತಿ ಬಯಸಿದಾಗ ಎಲ್ಲರೂ ಮಾವನ ಕಡೆ ನೋಡಿದರು.

"ನಾನು ಬದುಕಿನಲ್ಲಿ ಒಂದು ಮನೆ ಮಾಡ್ಕೊಳ್ಳೋಕೂ ಒದ್ದಾಡಿದವನು," ಎಂದ ಮುದುಕ, ಕುರ್ಚಿಯಿಂದಲೇ. "ಈ ವರ್ಷ ಇನ್ನೂರ ನಲವತ್ತು ಸಲ ನನಗೆ ಆಶ್ರಯ ಕೊಟ್ಟಿದ್ದಾರೆ. ಇನ್ನು ಸಾಕು ಅಂದ್ರೂ ಬಿಡ್ತಿಲ್ಲ."

ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಈ ಮಾದರಿಯನ್ನು ಎಲ್ಲ ನಗರಗಳಿಗೂ ವಿಸ್ತರಿಸುವುದಾಗಿ ಸಾರಿದರು. ಹೊಲಿಗೆಯವಳೂ ಚಪ್ಪಾಳೆ ತಟ್ಟಿದಳು.

ಅದಾದ ಕೆಲವು ದಿನಗಳಿಗೆ, ಎಲ್ಲರೂ ಜಗಲಿಯಲ್ಲಿ ಸಾಲಾಗಿ ನಿಂತಿದ್ದಾಗ, ಕಂಕುಳಲ್ಲಿ ಕೂಸು, ಕೈಯಲ್ಲಿ ಸೂಟ್‌ಕೇಸು ಹಿಡಿದ ಹೆಂಗಸೊಬ್ಬಳು ಅಳುತ್ತ ಬಂದು ಸೀದಾ ಬಾಗಿಲು ತಟ್ಟಲು ಹೋದಳು.

"ಏನಮ್ಮ, ಸಾಲು ಕಾಣಿಸೋದಿಲ್ವಾ?" ಹೊಲಿಗೆಯವಳು ಗದರಿದಳು. "ಹಿಂದೆ ನಿಂತ್ಕೋ. ಇನ್ನು ಎರಡೇ ನಿಮಿಷ."

ಹೆಂಗಸು ಹೆದರಿ ಹಿಂದೆ ಬಂದಳು. ಮೂಗೊರೆಸಿಕೊಂಡು ಕೇಳಿದಳು. "ಅಕ್ಕಾ, ಇಲ್ಲಿ ನಿಜವಾಗ್ಲೂ ಮನೆ ಕೊಡ್ತಾರಾ?"

"ಯಾಕೆ ಕೊಡಲ್ಲ?" ಎಂದಳು ಹೊಲಿಗೆಯವಳು, ಕೂಸಿನ ಟೋಪಿ ಸರಿಪಡಿಸುತ್ತ. "ದಿನಾ ಕೊಡ್ತಾರೆ."

ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.