ಮಾವ ನೋಡದ ತಾಜ್ ಮಹಲ್

ಆಗ್ರಾಕ್ಕೆ ಮೂರು ಸಲ ಹೋಗಿ, ಮೂರು ಸಲವೂ ತಾಜ್ ಮಹಲ್ ನೋಡದೆ ವಾಪಸ್ ಬಂದವರು ಈ ಭೂಮಿ ಮೇಲೆ ಒಬ್ಬರೇ ಒಬ್ಬರು ಇದ್ದಾರೆ. ಅವರು ಬೇರೆ ಯಾರೂ ಅಲ್ಲ, ನನ್ನ ಸೋದರಮಾವ!

ಮಾವನಿಗೆ ಜರಗನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ತಾತ ರಾಗಿ ಬೆಳೀತಿದ್ದ ಜಾಗದಲ್ಲೇ ಮಾವ ಪೈಪು, ನಲ್ಲಿ, ಮೊಳೆ ಮಾರ್ತಾರೆ. ಜಾಸ್ತಿ ಪೈಪು ಮಾರಿದವರನ್ನ ಕಂಪನಿಯವರು ಡೀಲರ್ಸ್ ಕಾನ್ಫರೆನ್ಸಿಗೆ ಅಂತ ಕರ್ಕೊಂಡು ಹೋಗ್ತಾರೆ. ಈ ಕಂಪನಿಗೆ ಅದ್ಯಾಕೋ ಆಗ್ರಾ ಬಿಟ್ರೆ ಬೇರೆ ಊರೇ ಗೊತ್ತಿಲ್ಲ. ಪೈಪಿಗೂ ತಾಜ್ ಮಹಲಿಗೂ ಏನ್ರೀ ಸಂಬಂಧ? ಬೆಳಿಗ್ಗೆ ಭಾಷಣ, ಮಧ್ಯಾಹ್ನ ಪನೀರು, ಸಂಜೆ ಗೋರಿ, ಅಷ್ಟೇ.

ಹೋಗಿ ಬಂದಾಗಲೆಲ್ಲ ಮಾವನ ಜೊತೆ ಒಂದು ಬ್ಯಾಗು, ಒಂದು ಪೆನ್ನು, ಕೊರಳಿಗೆ ಒಂದು ಬ್ಯಾಡ್ಜು ಬರ್ತಿತ್ತು. ಆ ಬ್ಯಾಡ್ಜ್ ಹಾಕ್ಕೊಂಡೇ ಹಾಲು ತರೋಕೆ ಹೋಗ್ತಿದ್ರು! ಪುಟ್ಟೇನಹಳ್ಳಿಯಲ್ಲಿ ಯಾರದೋ ಗೃಹಪ್ರವೇಶಕ್ಕೂ ಹಾಕ್ಕೊಂಡು ಬಂದು, ಊಟ ಮುಗಿದ ಮೇಲೆ ಎದ್ದು ನಿಂತು ವಂದನಾರ್ಪಣೆ ಮಾಡಿಬಿಟ್ರು. ಅಡುಗೆಯವರಿಗೆ ಖುಷಿಯಾಗಿ ಇನ್ನೊಂದು ಹೋಳಿಗೆ ಬಡಿಸಿದ್ರು.

ಆದ್ರೆ ನಮ್ಮ ಅತ್ತೆಗೆ ಬೇಕಾಗಿದ್ದು ಬ್ಯಾಗೂ ಅಲ್ಲ, ಪೆನ್ನೂ ಅಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿಗೆ ಬಂದ ಒಂದು ಕ್ಯಾಲೆಂಡರಿನಲ್ಲಿ ತಾಜ್ ಮಹಲ್ ಇತ್ತು. ವರ್ಷ ಮುಗಿದ್ರೂ ಅತ್ತೆ ಅದನ್ನ ಗೋಡೆಯಿಂದ ಇಳಿಸಲಿಲ್ಲ. ಸಾಯೋದರೊಳಗೆ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಆಸೆ. ಕಂಪನಿ ಕರೆಯೋದು ಮಾವ ಒಬ್ಬರನ್ನೇ. ಅವರು ಹೋದಾಗೆಲ್ಲ ಅಂಗಡಿ ನೋಡ್ಕೊಳ್ಳೋದು ಅತ್ತೆ. ಹೋಗಲಿ, ಹೆಂಗಿತ್ತು ಅಂತಾದ್ರೂ ಬಂದು ಹೇಳ್ಬಾರದಾ? ಮೊದಲನೇ ಸಲ ಶುಕ್ರವಾರ ರಜೆ, ಬಾಗಿಲು ಹಾಕಿತ್ತು ಅಂದ್ರು. ಎರಡನೇ ಸಲ ಮಂಜು, ಏನೂ ಕಾಣಲಿಲ್ಲ ಅಂದ್ರು. ಮೂರನೇ ಸಲ ಮತ್ತೆ ಶುಕ್ರವಾರ. ಅತ್ತೆ ಬಿಡ್ತಾರಾ? ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದ್ರೆ ಅವತ್ತು ಮಂಗಳವಾರ! ಒಂದು ವಾರ ಮಾವನಿಗೆ ಉಪ್ಪಿಲ್ಲದ ಸಾರು.

ಆ ವಾರದಲ್ಲೇ ಗಿರಿನಗರದ ಇನ್ನೊಬ್ಬ ಡೀಲರ್ ಮಾವನ ಅಂಗಡಿಗೆ ಬಂದವರು, ನನ್ನೆದುರಿಗೇ ಅತ್ತೆ ಹತ್ರ ಗುಟ್ಟು ಬಿಟ್ಟುಕೊಟ್ರು.

"ಏನಕ್ಕಾ ನಿಮ್ಮ ಯಜಮಾನ್ರು? ನಾವೆಲ್ಲ ತಾಜ್ ನೋಡೋಕೆ ಹೋದ್ರೆ ಇವರು ಬಸ್ಸಿಂದ ಇಳಿಯೋದೇ ಇಲ್ಲ. ಮುಖದ ಮೇಲೆ ಟವೆಲ್ ಹಾಕ್ಕೊಂಡು ಕೂತಿರ್ತಾರೆ. ಮೂರು ಸಲವೂ ಇದೇ ಕಥೆ."

ಅತ್ತೆ ಮಾವನ ಕಡೆ ತಿರುಗಿದ್ರು. ಮಾವ ಕೈಯಲ್ಲಿದ್ದ ನಲ್ಲೀನ ಒರೆಸಿದ್ದೇ ಒರೆಸಿದ್ದು.

"ಹೋದ್ರೆ ಇಬ್ರೂ ಒಟ್ಟಿಗೆ ಹೋಗೋಣ ಅಂತ ಆ ಕ್ಯಾಲೆಂಡರ್ ಮುಂದೇನೇ ನಿಂಗೆ ಹೇಳಿದ್ನಲ್ಲ. ನೀನಿಲ್ದೆ ನಾನೊಬ್ನೇ ಹೆಂಗೆ ನೋಡ್ಲಿ?"

ಅತ್ತೆ ಸೀದಾ ಒಳಗೆ ಹೋದ್ರು. ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ಈ ವರ್ಷ ಕಂಪನಿಗೆ ಅದ್ಯಾವ ದೇವರು ಬುದ್ಧಿ ಕೊಟ್ಟನೋ, ಜೋಡಿಯಾಗಿ ಬನ್ನಿ ಅಂತ ಬರೆದಿದ್ರು. ಊರು? ಆಗ್ರಾನೇ! ಅಂಗಡಿಯಲ್ಲಿ ನಾನು ಕೂತೆ. ಎರಡನೇ ದಿನ ಬೆಳಿಗ್ಗೆ ಅತ್ತೆಯ ವಿಡಿಯೋ ಕಾಲ್. ಫೋನಿನ ತುಂಬ ತಾಜ್ ಮಹಲ್! ಅದಕ್ಕೆ ಬೆನ್ನು ಹಾಕ್ಕೊಂಡು ನಮ್ಮ ಮಾವ, ಕೊರಳಲ್ಲಿ ಬ್ಯಾಡ್ಜು, ಮುಖದ ಮೇಲೆ ಅದೇ ಟವೆಲ್. ಇಷ್ಟು ವರ್ಷ ಕಾದವಳು ನೀನು, ನೀನು ಮೊದಲು ನೋಡು ಅಂತ ಹಟ ಹಿಡಿದಿದ್ರಂತೆ. ಫೋನು ಅಲುಗಾಡಿತು. ಆಮೇಲೆ ಬರೀ ಆಕಾಶ ಕಾಣ್ತಿತ್ತು, ಅತ್ತೆಯ ದನಿ ಮಾತ್ರ ಕೇಳಿಸ್ತು.

"ತಿರುಗಿ ಈ ಕಡೆ. ಕಣ್ಣು ಬಿಡಿ. ನಾನು ನೋಡಾಯ್ತು."

ಅಂಗಡಿ ಮುಂದೆ ನಿಂತಿದ್ದ ಗಿರಾಕಿಗೆ ಎರಡು ನಿಮಿಷ ಇರಿ ಸಾರ್ ಅಂದೆ. ನಾನೂ ಕಣ್ಣು ಒರೆಸ್ಕೋಬೇಕಿತ್ತು.